ಹಸಿರು ಸಿಕ್ಕಿತು, ಮುಂದೆ ಜಾಗ ಸಿಗಲಿಲ್ಲ: ಗಡಿನಾಡಿನ ಒಂದು ಸಿಗ್ನಲ್‌ನ ಪ್ರಕರಣ

ಇದು ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಪೇಟೆಯ ಕತೆ. ಪೇಟೆಯ ಹೆಸರು ಹೇಳುವುದಿಲ್ಲ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ, ಅಳತೆಗಳನ್ನೂ ಸೆಕೆಂಡುಗಳನ್ನೂ ಸುಮಾರಾಗಿ ಕೊಟ್ಟಿದ್ದೇನೆ. ನಾನು ಸಿವಿಲ್ ಇಂಜಿನಿಯರಿಂಗ್ ಕಲಿಸುವವನು. ಆ ಪೇಟೆಯ ಟ್ರಾಫಿಕ್ ರೆಗ್ಯುಲೇಟರಿ ಕಮಿಟಿಯವರು ವಾಹನ ಎಣಿಸಿಕೊಡಿ ಎಂದು ನಮ್ಮ ಕಾಲೇಜನ್ನು ಕೇಳಿದರು. ಹಾಗೆ ವಿದ್ಯಾರ್ಥಿಗಳ ಜೊತೆ ನಾನೂ ಇದರೊಳಗೆ ಬಂದೆ. ಕ್ಯಾಮರಾ ಇಟ್ಟ ಸಿಗ್ನಲ್ ಹಾಕಿಬಿಟ್ಟರೆ ಬ್ಲಾಕ್ ತಪ್ಪುತ್ತದೆ ಎಂದು ಹೊರಟಿರುವ ಬೇರೆ ಊರುಗಳವರಿಗೆ ಇದು ಉಪಯೋಗಕ್ಕೆ ಬಂದೀತು.

ಜಂಕ್ಷನ್ ಹೇಗಿತ್ತು

ನಾಲ್ಕು ರಸ್ತೆ ಕೂಡುವ ಜಾಗ. ಉತ್ತರಕ್ಕೆ ಮಂಗಳೂರು, ದಕ್ಷಿಣಕ್ಕೆ ಕಾಸರಗೋಡು. ಹಿಂದೆ 17 ಎಂದು ಕರೆಯುತ್ತಿದ್ದ, ಈಗ 66 ಆಗಿರುವ ರಾಷ್ಟ್ರೀಯ ಹೆದ್ದಾರಿ ಅದು. ಪೂರ್ವದ ರಸ್ತೆ ಅಡಿಕೆ ತೋಟಗಳ ನಡುವೆ ಒಳನಾಡಿಗೆ ಹೋಗುತ್ತದೆ. ಪಶ್ಚಿಮದ್ದು ರೈಲ್ವೆ ಸ್ಟೇಷನ್, ಮೀನು ಮಾರ್ಕೆಟ್, ಕಡಲ ಬದಿಗೆ. ಈ ಪಶ್ಚಿಮದ ರಸ್ತೆಯಲ್ಲಿ, ಜಂಕ್ಷನ್‌ನಿಂದ ಸುಮಾರು 200 ಮೀಟರ್ ದೂರದಲ್ಲಿ, ಒಂದು ರೈಲ್ವೆ ಗೇಟ್ ಉಂಟು. ಈ ಗೇಟ್ ನೆನಪಿರಲಿ.

ಆಗ ಷಟ್ಪಥದ ಕೆಲಸ ನಡೆಯುತ್ತಿತ್ತು. ಒಂದು ಬದಿಯಲ್ಲಿ ಗುಂಡಿ, ಇನ್ನೊಂದು ಬದಿಯಲ್ಲಿ ಕಬ್ಬಿಣದ ರಾಶಿ. ಇದ್ದ ರಸ್ತೆಯೇ ಕಿರಿದಾಗಿತ್ತು. ಹಳೆಯ ಸಿಗ್ನಲ್ ಬೆಳಿಗ್ಗೆಯಿಂದ ರಾತ್ರಿವರೆಗೆ 120 ಸೆಕೆಂಡಿನ ಒಂದೇ ಸುತ್ತು ಹಾಕುತ್ತಿತ್ತು. ರೈಲು ಹೋಗಿ ಗೇಟ್ ತೆರೆದರೆ ಸ್ಟೇಷನ್ ಕಡೆಯ ಬೈಕು, ಆಟೋ, ಮೀನಿನ ಗಾಡಿ ಎಲ್ಲ ಒಟ್ಟಿಗೆ ನುಗ್ಗಿ ಬರುತ್ತಿದ್ದವು. ಅವಕ್ಕೆ ಸಿಗುತ್ತಿದ್ದದ್ದು 20 ಸೆಕೆಂಡಿನ ಹಸಿರು. ಮೂರು ಸುತ್ತು ಕಾದು ದಾಟಿದವರುಂಟು. ಅದೇ ಹೊತ್ತಿಗೆ ಪೂರ್ವದ ರಸ್ತೆಗೆ ಹಸಿರು ಬಿದ್ದು, ದಾಟಲು ಒಂದು ಸೈಕಲ್ಲೂ ಇರುತ್ತಿರಲಿಲ್ಲ.

ಇನ್ನೊಂದು ಒತ್ತಡ ಆಂಬುಲೆನ್ಸ್‌ನದ್ದು. ಈ ಭಾಗದವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. 2020ರ ಲಾಕ್‌ಡೌನ್‌ನಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಇಲ್ಲಿಯವರಿಗೆ ಆದ ಕಷ್ಟ ಕೋರ್ಟಿನವರೆಗೂ ಹೋಗಿತ್ತು. ಹಾಗಾಗಿ ಈ ಜಂಕ್ಷನ್‌ನಲ್ಲಿ ಉತ್ತರಕ್ಕೆ ಹೋಗುವ ದಾರಿ ಕಟ್ಟಿಕೊಂಡರೆ ಜನರಿಗೆ ಬರುವ ಸಿಟ್ಟೇ ಬೇರೆ.

ಕಮಿಟಿಯಲ್ಲಿ ಹೆಚ್ಚು ಚರ್ಚೆಯೇನೂ ನಡೆಯಲಿಲ್ಲ. ಹಣ ಬಂತು, ಕ್ಯಾಮರಾ ನೋಡಿ ಹಸಿರು ಕೊಡುವ ಸಿಗ್ನಲ್ ಬಂತು.

ಅದು ಏನು ನೋಡುತ್ತದೆ

ಪ್ರತಿ ರಸ್ತೆಯ ಕಡೆಗೂ ಕಂಬದ ಮೇಲೆ ಒಂದು ಕ್ಯಾಮರಾ. ಅದರ ಚಿತ್ರದಲ್ಲಿ ರಸ್ತೆಯ ಮೇಲೆ ಒಂದು ಚೌಕ ಎಳೆದಿರುತ್ತಾರೆ. ರಸ್ತೆಯಲ್ಲಿ ಆ ಚೌಕ ಕಾಣುವುದಿಲ್ಲ, ಕಂಪ್ಯೂಟರಿಗೆ ಮಾತ್ರ ಗೊತ್ತು. ಚೌಕದಲ್ಲಿ ವಾಹನ ಇದ್ದರೆ 'ಬೇಡಿಕೆ ಉಂಟು' ಎಂದು ಅರ್ಥ. ಹಸಿರು ಬಿದ್ದ ಮೇಲೆ ಕನಿಷ್ಠ ಇಷ್ಟು ಸೆಕೆಂಡ್ ಉಳಿಯಲೇಬೇಕು. ಆಮೇಲೆ ವಾಹನ ಬರುತ್ತಾ ಇದ್ದರೆ ಎರಡು ಮೂರು ಸೆಕೆಂಡಿನಂತೆ ಹಸಿರು ಬೆಳೆಯುತ್ತದೆ. ನಡುವೆ ಖಾಲಿ ಬಿದ್ದರೆ ಮುಗಿಯುತ್ತದೆ. ಖಾಲಿ ಬೀಳದೇ ಇದ್ದರೂ ಒಂದು ಮಿತಿ ಮುಟ್ಟಿದಾಗ ಮುಗಿಯಲೇಬೇಕು. ಕನಿಷ್ಠ, ವಿಸ್ತರಣೆ, ಗರಿಷ್ಠ. ಈ ಮೂರು ಸಂಖ್ಯೆಗಳಲ್ಲೇ ಸಿಗ್ನಲ್‌ನ ಬುದ್ಧಿಯೆಲ್ಲ ಇರುವುದು.

ಇದಕ್ಕಿಂತ ದೊಡ್ಡ ವ್ಯವಸ್ಥೆಗಳೂ ಇವೆ. ಸಿಡ್ನಿಯ ಸ್ಕ್ಯಾಟ್ಸ್, ಬ್ರಿಟನ್ನಿನ ಸ್ಕೂಟ್ 1970ರ ದಶಕದಿಂದ ಬಂದವು. ನಮ್ಮ ದೇಶದಲ್ಲಿ ತಿರುವನಂತಪುರದ ಸಿ-ಡ್ಯಾಕ್ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆ ಮಾಡಿದ ಕೋಸಿಕಾಸ್ಟ್ ಇದೆ. ಅವು ಸಾಲು ಸಾಲು ಜಂಕ್ಷನ್‌ಗಳನ್ನು ಒಟ್ಟಿಗೆ ಲೆಕ್ಕ ಹಾಕುತ್ತವೆ. ಈ ಪೇಟೆಯಲ್ಲಿ ಇದ್ದದ್ದೇ ಒಂದು ಸಿಗ್ನಲ್, ಅಷ್ಟೆಲ್ಲ ಬೇಕಿರಲಿಲ್ಲ.

ಒಂದು ಲೆಕ್ಕ ಮಾತ್ರ ಇಲ್ಲಿ ಹೇಳಬೇಕು, ಮುಂದೆ ಅದು ಬರುತ್ತದೆ. 1958ರಲ್ಲಿ ವೆಬ್‌ಸ್ಟರ್ ಎಂಬ ಬ್ರಿಟಿಷ್ ಸಂಶೋಧಕ ಒಂದು ಸುತ್ತು ಎಷ್ಟು ಉದ್ದ ಇರಬೇಕು ಎಂಬುದಕ್ಕೆ ಸೂತ್ರ ಕೊಟ್ಟ. ಒಂದು ಸುತ್ತಿನಲ್ಲಿ ಯಾರೂ ದಾಟದೆ ವ್ಯರ್ಥವಾಗುವ ಸಮಯವನ್ನು 1.5ರಿಂದ ಗುಣಿಸಿ 5 ಕೂಡಿಸಬೇಕು. ಬಂದದ್ದನ್ನು ಒಂದರಲ್ಲಿ ಜಂಕ್ಷನ್‌ನ ಭಾರ ಕಳೆದು ಉಳಿದದ್ದರಿಂದ ಭಾಗಿಸಬೇಕು. ಭಾರ ಎಂದರೆ ಪ್ರತಿ ಕಡೆಯಿಂದ ಬರುವ ವಾಹನ, ಸದಾ ಹಸಿರಿದ್ದರೆ ಅಲ್ಲಿ ದಾಟಬಲ್ಲದ್ದರ ಎಷ್ಟನೇ ಪಾಲು ಎಂದು ನೋಡಿ ಎಲ್ಲ ಕೂಡಿಸಿದ್ದು. ನಾಲ್ಕು ಕಡೆಗೆ ನಾಲ್ಕು ನಾಲ್ಕು ಸೆಕೆಂಡಿನಂತೆ 16 ಸೆಕೆಂಡ್ ವ್ಯರ್ಥ ಎಂದಿಟ್ಟುಕೊಳ್ಳಿ. ಭಾರ 0.75 ಇದ್ದರೆ ಸುತ್ತು 116 ಸೆಕೆಂಡ್. ಅದೇ ಭಾರ 0.85 ಆದರೆ 193 ಸೆಕೆಂಡ್. ಭಾರ ಸ್ವಲ್ಪ ಏರಿದರೂ ಸುತ್ತು ಒಮ್ಮೆಲೇ ಉದ್ದವಾಗುತ್ತದೆ. ಸುತ್ತು ಉದ್ದವಾದಷ್ಟೂ ಸಣ್ಣ ರಸ್ತೆಯವರು ಕಾಯಬೇಕು. ಅದಕ್ಕೇ ಗರಿಷ್ಠ ಹಸಿರಿಗೆ ಮಿತಿ ಇಡುವುದು. ಆ ಮಿತಿಯನ್ನು ಏರಿಸುವುದು ಒಂದು ಗುಂಡಿ ಒತ್ತಿದಷ್ಟು ಸುಲಭ. ಅಪಾಯ ಇರುವುದೂ ಅಲ್ಲೇ.

ಚೆನ್ನಾಗಿ ನಡೆದದ್ದು, ಮತ್ತು ಟೈಮರ್ ಗಲಾಟೆ

ಮೊದಲ ವಾರಗಳಲ್ಲಿ ಹೊಸ ಸಿಗ್ನಲ್ ಒಳ್ಳೆಯ ಕೆಲಸ ಮಾಡಿತು. ಗೇಟ್ ತೆರೆದ ಮೇಲೆ ಬರುವ ದಂಡು ಒಂದೇ ಹಸಿರಲ್ಲಿ, ಹೆಚ್ಚೆಂದರೆ ಎರಡರಲ್ಲಿ ಮುಗಿಯುತ್ತಿತ್ತು. ಮಧ್ಯಾಹ್ನ ಪೂರ್ವದ ಖಾಲಿ ರಸ್ತೆಗೆ ಸುಮ್ನೆ ಹಸಿರು ಬೀಳುವುದು ನಿಂತಿತು. ಬರುವ ಸಮಯ ಹೇಳಲಾಗದ ದಂಡಿಗೆ ಇಂಥ ಸಿಗ್ನಲ್ ಬೇಕೇ ಬೇಕು. ಇದನ್ನು ಒಪ್ಪಿಕೊಂಡೇ ಮುಂದಿನದ್ದು ಹೇಳುತ್ತೇನೆ.

ಆದರೂ ಬಂದ ಮೊದಲ ದೂರು ಸಿಗ್ನಲ್ ಕೆಟ್ಟಿದೆ ಎಂದು. ಯಾಕೆಂದರೆ ಅಂಕಿ ತೋರಿಸುವ ಟೈಮರ್ ಇರಲಿಲ್ಲ. ಹಸಿರು ಎಷ್ಟು ಹೊತ್ತು ಬೆಳೆಯುತ್ತದೆ ಎಂದು ಸಿಗ್ನಲ್‌ಗೇ ಮೊದಲು ಗೊತ್ತಿರುವುದಿಲ್ಲ, ಹಾಗಿರುವಾಗ ಅಂಕಿ ತೋರಿಸುವುದು ಹೇಗೆ? ಇದನ್ನು ಯಾರಿಗೂ ಹೇಳಿರಲಿಲ್ಲ. ಆಟೋ ಸ್ಟ್ಯಾಂಡಿನಲ್ಲಿ ಒಬ್ಬರು ನನ್ನನ್ನು ನಿಲ್ಲಿಸಿ, "ಎಂತ ಮಾಷ್ಟ್ರೇ, ಅಂಕಿ ಇದ್ದರೆ ಇಂಜಿನ್ ಬಂದ್ ಮಾಡ್ತಿದ್ದೆವು. ಈಗ ಪೆಟ್ರೋಲ್ ಸುಟ್ಟುಕೊಂಡು ನಿಲ್ಲುವುದಾ?" ಎಂದರು. ನ್ಯಾಯದ ಮಾತೇ ಅಲ್ವಾ? ಕೊನೆಗೆ ಒಂದು ದಾರಿ ಸಿಕ್ಕಿತು. ಬೇರೆ ರಸ್ತೆಯ ಹಸಿರು ಮುಗಿದು ಹಳದಿ ಬಿದ್ದ ಮೇಲೆ, ಮುಂದಿನವರಿಗೆ ಎಷ್ಟು ಸೆಕೆಂಡ್ ಉಳಿದಿದೆ ಎಂಬುದು ಖಚಿತ. ಆ ಕೊನೆಯ ಐದು ಸೆಕೆಂಡ್ ಮಾತ್ರ ಅಂಕಿ ತೋರಿಸಲು ಶುರು ಮಾಡಿದರು. ಇಂಜಿನ್ ಬಂದ್ ಮಾಡಲು ಅದು ಸಾಲದು. ಆದರೆ ಸಿಗ್ನಲ್ ಸತ್ತಿಲ್ಲ ಎಂದು ಗೊತ್ತಾಗಲು ಸಾಕಾಯಿತು, ಕೆಂಪು ಹಾರುವುದೂ ಕಡಿಮೆಯಾಯಿತು.

ಜೂನ್ ಬಂತು

ಕೇರಳದಲ್ಲಿ ಜೂನ್ ಸುರುವಿಗೆ ಶಾಲೆ ತೆರೆಯುತ್ತದೆ, ಮಳೆಯೂ ಅದೇ ಹೊತ್ತಿಗೆ. ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆವರೆಗೆ ಮಂಗಳೂರು ಕಡೆಯಿಂದ ಬರುವ ಸಾಲು ಕರಗಲೇ ಇಲ್ಲ. ಆ ರಸ್ತೆಗೆ ಪ್ರತಿ ಸಲವೂ 60 ಸೆಕೆಂಡಿನ ಪೂರ್ತಿ ಹಸಿರು ಸಿಗುತ್ತಿತ್ತು. ಆದರೂ ಸಾಲು ಹಾಗೇ ಇರುತ್ತಿತ್ತು.

ಸಿಗ್ನಲ್ ಹಾಕಿದ ಕಂಪನಿಯ ಹುಡುಗ ಲ್ಯಾಪ್‌ಟಾಪ್ ತೆರೆದು ತೋರಿಸಿದ. ಚೌಕ ಸದಾ ತುಂಬಿದೆ, ಹಸಿರು ಪ್ರತಿ ಸಲ ಮಿತಿ ಮುಟ್ಟುತ್ತಿದೆ, ಅಂದರೆ ಬೇಡಿಕೆ ಜಾಸ್ತಿ, ಗರಿಷ್ಠವನ್ನು 90 ಮಾಡೋಣ ಎಂದ. ಕಾಗದದ ಮೇಲೆ ಅದು ಸರಿಯಾದ ತರ್ಕ. ಕಮಿಟಿ ಒಪ್ಪಿತು.

ಮಾರನೆಯ ವಾರ ಪರಿಸ್ಥಿತಿ ಇನ್ನೂ ಹಾಳಾಯಿತು. ಹೆದ್ದಾರಿಯ ಸಾಲು ಮೊದಲಿನಷ್ಟೇ ಉದ್ದ. ಸ್ಟೇಷನ್ ಕಡೆಯವರ ಕಾಯುವಿಕೆ ಮಾತ್ರ ಏರಿತು. ಒಂದು ಬೆಳಿಗ್ಗೆ ಆ ಸಾಲು 200 ಮೀಟರ್ ಹಿಂದಕ್ಕೆ ಬೆಳೆದು ರೈಲ್ವೆ ಗೇಟಿನೊಳಗೆ ಹೋಯಿತು. ಹಳಿಯ ಮೇಲೆ ಒಂದು ಆಟೋ, ಒಂದು ಪಿಕಪ್. ಮುಂದೆ ಹೋಗಲು ಜಾಗ ಇಲ್ಲ, ಹಿಂದೆ ಬರಲು ಬೈಕುಗಳ ಅಡ್ಡ. ಗೇಟ್ ಹಾಕಲು ಆಗಲಿಲ್ಲ. ಅದು ಇಂಟರ್‌ಲಾಕ್ ಆದ ಗೇಟ್, ಮುಚ್ಚಿ ಬೀಗ ಬೀಳದೆ ರೈಲಿಗೆ ಹಸಿರು ಸಿಗುವುದಿಲ್ಲ. ಹಾಗಾಗಿ ರೈಲು ದೂರದಲ್ಲೇ ನಿಂತಿತು, ಏನೂ ಅನಾಹುತ ಆಗಲಿಲ್ಲ. ಆದರೆ ಅಂದು ಹತ್ತು ಗಂಟೆಯೊಳಗೆ ಪೊಲೀಸರು ಪೆಟ್ಟಿಗೆ ತೆರೆದು ಸಿಗ್ನಲನ್ನು ಮ್ಯಾನುವಲ್‌ಗೆ ಹಾಕಿದರು. ಕಂಪನಿಗೆ ಫೋನ್, ನಮಗೂ ಫೋನ್.

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ಅಲ್ಲಿಯವರೆಗೆ ಎಲ್ಲರೂ ಕೇಳುತ್ತಿದ್ದದ್ದು 'ಹಸಿರು ಎಷ್ಟು ಕೊಡಬೇಕು' ಎಂದು. ಕೊಟ್ಟ ಹಸಿರಲ್ಲಿ ಎಷ್ಟು ವಾಹನ ದಾಟಿತು ಎಂದು ಯಾರೂ ಕೇಳಿರಲಿಲ್ಲ.

ಗೆರೆಯ ಆಚೆ

ವಿದ್ಯಾರ್ಥಿಗಳು ಎಣಿಸಿದ್ದು ಅದನ್ನೇ. ಒಂದು ಸಾಲಿನ ಕಾರುಗಳು ಅಡ್ಡಿಯಿಲ್ಲದೆ ಹೊರಟರೆ ಸುಮಾರು ಎರಡು ಸೆಕೆಂಡಿಗೆ ಒಂದು ದಾಟುತ್ತದೆ. ನಮ್ಮಲ್ಲಿ ಬೈಕುಗಳು ಸಂದಿಯಲ್ಲಿ ನುಸುಳುವುದರಿಂದ ತಲೆ ಲೆಕ್ಕದಲ್ಲಿ ಇನ್ನೂ ಜಾಸ್ತಿ. ಇಲ್ಲಿ ಹಸಿರಿನ ಮೊದಲ 20 ಸೆಕೆಂಡ್ ಸರಿಯಾಗಿ ಹೋಗುತ್ತಿತ್ತು. ಆಮೇಲೆ ಹೆಚ್ಚುಕಡಿಮೆ ಏನೂ ದಾಟುತ್ತಿರಲಿಲ್ಲ. ಹಸಿರು ದೀಪದ ಕೆಳಗೆ ವಾಹನಗಳು ನಿಂತೇ ಇರುತ್ತಿದ್ದವು.

ಕಾರಣ ಜಂಕ್ಷನ್‌ನ ಆಚೆ ಬದಿಯಲ್ಲಿತ್ತು. ಕಾಸರಗೋಡು ಕಡೆಗೆ ದಾಟಿದ ಕೂಡಲೇ, 40 ಮೀಟರ್ ಒಳಗೆ, ಬಸ್ ಸ್ಟಾಪ್. ಒಂದು ಬಸ್ಸು ನಿಂತಿದೆ, ಅದರ ಪಕ್ಕದಲ್ಲಿ ಓರೆಯಾಗಿ ಇನ್ನೊಂದು, ಮೂರನೆಯದರ ಹಿಂಭಾಗ ಜಂಕ್ಷನ್‌ನೊಳಗೆ. ಸಿಗ್ನಲ್‌ನ ಕ್ಯಾಮರಾ ನೋಡುತ್ತಿದ್ದದ್ದು ಬರುವವರನ್ನು, ಬಸ್ ಸ್ಟಾಪಿಗೆ ಅದರ ಬೆನ್ನು. ಚೌಕ ತುಂಬಿದೆ, ಹಾಗಾದರೆ ಹಸಿರು ಬೆಳೆಸು, ಅದರ ಲೆಕ್ಕ ಅಷ್ಟೇ. ಚರಂಡಿ ಕಟ್ಟಿಕೊಂಡಾಗ ನಲ್ಲಿಯನ್ನು ಇನ್ನಷ್ಟು ತಿರುಗಿಸಿದ ಹಾಗಾಯಿತು. ಮಿತಿಯನ್ನು 90ಕ್ಕೆ ಏರಿಸಿದಾಗ ನಾವು ಸೇರಿಸಿದ್ದು 30 ಸೆಕೆಂಡಿನ ಖಾಲಿ ಹಸಿರು. ಅಷ್ಟೂ ಸ್ಟೇಷನ್ ರಸ್ತೆಯವರ ಪಾಲಿನದ್ದು.

ಸಿಗ್ನಲ್ ಮ್ಯಾನುವಲ್‌ನಲ್ಲಿದ್ದಾಗ ಅದನ್ನು ನಡೆಸುತ್ತಿದ್ದ ಹೋಂ ಗಾರ್ಡ್ ಅಕ್ಕನಿಗೆ ಇದು ಗೊತ್ತಿತ್ತು. "ಎದುರು ಬಸ್ ಹೊರಡದೆ ಹಸಿರು ಕೊಟ್ಟು ಎಂತ ಪ್ರಯೋಜನ ಸಾರ್?" ಎಂದು ಕೊಡೆ ಹಿಡಿದುಕೊಂಡೇ ಹೇಳಿದರು. ಅವರು ಕುತ್ತಿಗೆ ತಿರುಗಿಸಿ ಆಚೆ ನೋಡಿ ಆಮೇಲೆ ಗುಂಡಿ ಒತ್ತುತ್ತಿದ್ದರು. ಹಾಗಾದರೆ ಅವರೇ ನಡೆಸಲಿ ಎಂದರೆ ಅದೂ ಪರಿಹಾರವಲ್ಲ. ಕೈಯಲ್ಲಿ ನಡೆಸುವಾಗ ಒಂದು ಕಡೆಯ ಸಾಲು ಪೂರ್ತಿ ಖಾಲಿ ಮಾಡಿಯೇ ಬಿಡೋಣ ಎನಿಸುತ್ತದೆ, ಸುತ್ತು ಉದ್ದವಾಗುತ್ತಾ ಹೋಗುತ್ತದೆ. ಮಳೆಯಲ್ಲಿ ದಿನವಿಡೀ ಒಬ್ಬರನ್ನು ನಿಲ್ಲಿಸಿ ಅವರ ಕುತ್ತಿಗೆಯನ್ನೇ ನಂಬುವುದೂ ಸರಿಯಲ್ಲ.

ಬಸ್ಸು ಯಾಕೆ ಹೊರಡುವುದಿಲ್ಲ? ಲೋಕಲ್ ರೂಟಿನ ಖಾಸಗಿ ಬಸ್ಸುಗಳ ನಡುವೆ ಕೆಲವೇ ನಿಮಿಷದ ಅಂತರ. ಹಿಂದಿನ ಬಸ್ಸು ಕಾಣುವವರೆಗೆ ನಿಂತರೆ ನಾಲ್ಕು ಟಿಕೆಟ್ ಜಾಸ್ತಿ. ಉದ್ದದ ಹಸಿರು ಎರಡು ಮೂರು ಬಸ್ಸುಗಳನ್ನು ಒಟ್ಟಿಗೆ ತಂದು ಅದೇ ಸ್ಟಾಪಿಗೆ ಬಿಡುತ್ತಿತ್ತು, ಪೈಪೋಟಿ ಇನ್ನಷ್ಟು ಏರುತ್ತಿತ್ತು. ಸಿಗ್ನಲ್ ಮತ್ತು ಬಸ್ ಸ್ಟಾಪು ಒಂದನ್ನೊಂದು ಕೆಡಿಸುತ್ತಿದ್ದವು.

ಕಮಿಟಿಯ ಮುಂದೆ

ಮೊದಲ ಸಲಹೆ ಸ್ಟಾಪನ್ನೇ ಮುಂದಕ್ಕೆ ಕೊಂಡೊಯ್ಯುವುದು. ಸರಿಯಾದ ಪರಿಹಾರ ಅದೇ, ನನಗೆ ಅನುಮಾನವಿಲ್ಲ. ಜಂಕ್ಷನ್‌ನ ಬಾಯಿಯಲ್ಲಿ ಬಸ್ ನಿಲ್ಲಬಾರದು. ಆದರೆ ಸ್ಟಾಪಿನ ಹಿಂದೆ ಬೇಕರಿ, ಮೆಡಿಕಲ್, ಲಾಟರಿ ಅಂಗಡಿ ಇದ್ದವು. ವ್ಯಾಪಾರಿಗಳು ಒಪ್ಪಲಿಲ್ಲ. ಮಳೆಯಲ್ಲಿ ವಯಸ್ಸಾದವರು ಅಷ್ಟು ದೂರ ನಡೆಯಬೇಕಾ ಎಂದೂ ಕೇಳಿದರು, ಅದು ಸುಳ್ಳು ವಾದವೇನಲ್ಲ. ಹೆದ್ದಾರಿ ಕೆಲಸ ಮುಗಿದರೆ ಸ್ಟಾಪು ಹೇಗೂ ಬದಲಾಗುತ್ತದೆ ಎಂದು ಎಲ್ಲರೂ ಕಾಲ ತಳ್ಳಿದರು.

ಎರಡನೆಯದು, ಬೆಳಿಗ್ಗೆ ಒಬ್ಬ ಪೊಲೀಸರನ್ನು ಸ್ಟಾಪಿನಲ್ಲಿ ನಿಲ್ಲಿಸುವುದು. ಕೆಲವು ದಿನ ನಿಲ್ಲಿಸಿದರು. ಬೇರೆ ಡ್ಯೂಟಿ ಬಂದ ದಿನ ಮತ್ತೆ ಅದೇ ಪಾಡು.

ಮೂರನೆಯದು ನಮ್ಮದು: ಸಿಗ್ನಲ್‌ಗೆ ಆಚೆ ಬದಿಯನ್ನೂ ತೋರಿಸಿ. ದಾಟಿದ ಮೇಲಿನ ರಸ್ತೆಯಲ್ಲಿ ಇನ್ನೊಂದು ಚೌಕ ಎಳೆಯಿರಿ. ಹಸಿರು ಇರುವಾಗ ಆ ಚೌಕದಲ್ಲಿ ವಾಹನ ಕೆಲವು ಸೆಕೆಂಡ್ ಅಲ್ಲಾಡದೆ ನಿಂತರೆ, ಹಿಂದೆ ಎಷ್ಟೇ ಸಾಲಿರಲಿ, ಹಸಿರು ಮುಗಿಸಿ ಮುಂದಿನವರಿಗೆ ಕೊಡಿ. ವಿಚಾರಿಸಿದರೆ ಈ ಸೌಲಭ್ಯ ಆ ಸಾಫ್ಟ್‌ವೇರ್‌ನಲ್ಲಿ ಇದ್ದೇ ಇತ್ತು, ಯಾರೂ ಚಾಲೂ ಮಾಡಿರಲಿಲ್ಲ. ಒಂದು ಕ್ಯಾಮರಾ ಮಾತ್ರ ಹೊಸದಾಗಿ ಬೇಕಾಯಿತು.

ಇದನ್ನು ಹೇಳುವ ಮೊದಲು ಒಂದು ವಿಷಯ ನೋಡಿಕೊಂಡೆವು. ಸ್ಟೇಷನ್ ಕಡೆಯಿಂದ ಬರುವವರೆಲ್ಲ ಬಲಕ್ಕೆ ತಿರುಗಿ ಕಾಸರಗೋಡು ಕಡೆಗೇ ಹೋಗುವವರಾದರೆ, ಅವರೂ ಅದೇ ಬಸ್ಸುಗಳ ಹಿಂದೆ ಸಿಕ್ಕಿಬೀಳುತ್ತಾರೆ. ಆಗ ಈ ಉಪಾಯದಿಂದ ಏನೂ ಸಿಗದು. ಎಣಿಸಿದಾಗ ಬೆಳಿಗ್ಗೆ ಹೆಚ್ಚಿನವರು ಎಡಕ್ಕೆ ಮಂಗಳೂರಿಗೆ ಅಥವಾ ನೇರ ಒಳನಾಡಿಗೆ ಹೋಗುವವರು. ಅವರಿಗೆ ದಾರಿ ಖಾಲಿ ಇತ್ತು. ಬೇರೆ ಊರಿನವರು ಈ ಉಪಾಯ ಮಾಡುವುದಾದರೆ ಈ ಎಣಿಕೆ ಬಿಡಬೇಡಿ.

ಗರಿಷ್ಠವನ್ನು ಮತ್ತೆ 60ಕ್ಕೆ ಇಳಿಸಿದರು. ಸ್ಟೇಷನ್ ರಸ್ತೆಯಲ್ಲಿ ಗೇಟಿನಿಂದ ಈಚೆ ಇನ್ನೊಂದು ಚೌಕ ಹಾಕಿ, ಸಾಲು ಅಲ್ಲಿಗೆ ಮುಟ್ಟಿದರೆ ಆ ರಸ್ತೆಗೆ ಮೊದಲ ಸರದಿ ಎಂದು ಮಾಡಿದರು. ನನ್ನನ್ನು ಕೇಳಿದರೆ ಇಡೀ ಕೆಲಸದಲ್ಲಿ ಅತಿ ಮುಖ್ಯವಾದದ್ದು ಗೇಟಿನ ಈಚೆಯ ಈ ಚೌಕ. ಟೆಂಡರಿನಲ್ಲಿ ಮೊದಲೇ ಇರಬೇಕಿದ್ದದ್ದೂ ಇದೇ.

ಏನಾಯಿತು

ಸುರುವಿಗೆ ಹೆದ್ದಾರಿಯವರಿಗೆ ಸಿಟ್ಟು ಬಂತು. "ಹಸಿರು ಬಂದ ಹಾಗೆ ಕೆಂಪು" ಎಂದು ಹಾರ್ನ್. ಆದರೆ ನಾವು ಯಾರೂ ನಿರೀಕ್ಷಿಸದ ಒಂದು ಸಂಗತಿ ನಡೆಯಿತು. ಮುಂದಿನ ಬಸ್ಸು ಸ್ಟಾಪಿನಲ್ಲಿ ಜಗ್ಗಿ ನಿಂತರೆ ಹಿಂದಿನ ಬಸ್ಸಿಗೆ ಹಸಿರು ಕಡಿತವಾಗುತ್ತದೆ ಎಂದು ಕಂಡಕ್ಟರುಗಳಿಗೆ ಬೇಗ ಗೊತ್ತಾಯಿತು. ಮೊದಲು ಹಿಂದಿನವರು ಸುಮ್ಮನಿರುತ್ತಿದ್ದರು, ಈಗ ಇಳಿದು ಹೋಗಿ ಮುಂದಿನ ಬಸ್ಸಿನ ಬದಿಗೆ ಬಡಿದು ಹೊರಡಿಸತೊಡಗಿದರು. ಪೊಲೀಸರ ಮಾತಿಗೆ ಹೊರಡದ ಬಸ್ಸು ಇನ್ನೊಬ್ಬ ಕಂಡಕ್ಟರನ ಮಾತಿಗೆ ಹೊರಟಿತು. ಒಂದೆರಡು ಸಲ ಕೈಕೈ ಮಿಲಾಯಿಸುವವರೆಗೂ ಹೋದದ್ದುಂಟು. ಕೊನೆಗೆ ಬಸ್ಸಿನವರೇ ಕಮಿಟಿಗೆ ಬಂದು, ದೂರ ಹೋಗುವ ಬಸ್ಸುಗಳನ್ನಾದರೂ ಮುಂದೆ ನಿಲ್ಲಿಸಿ ಎಂದರು. ಎರಡೂ ರಾಜ್ಯಗಳ ಸರ್ಕಾರಿ ಬಸ್ಸುಗಳ ಸ್ಟಾಪು ಸ್ವಲ್ಪ ಮುಂದೆ ಹೋಯಿತು. ಲೋಕಲ್ ಬಸ್ಸು, ಬೇಕರಿ, ಲಾಟರಿ ಅಂಗಡಿ ಇದ್ದಲ್ಲೇ ಉಳಿದವು.

ಬೆಳಿಗ್ಗೆಯ ಸಾಲು ಮಾಯವಾಗಲಿಲ್ಲ. ಇದ್ದ ರಸ್ತೆಗೆ ಬರುವ ವಾಹನವೇ ಜಾಸ್ತಿ, ಯಾವ ಕ್ಯಾಮರಾವೂ ರಸ್ತೆ ಅಗಲ ಮಾಡುವುದಿಲ್ಲ. ಆದರೆ ಸಾಲು ಮತ್ತೆ ಹಳಿಯವರೆಗೆ ಹೋಗಲಿಲ್ಲ.

ನಡುವೆ ಇನ್ನೊಂದು ತೊಂದರೆ ಸಿಕ್ಕಿತು. ಹೆದ್ದಾರಿಯನ್ನು ನಡೆದು ದಾಟುವ ಮಕ್ಕಳು ದಾಟುವುದು ಅಡ್ಡರಸ್ತೆಗೆ ಹಸಿರು ಇರುವಾಗ. ಅಡ್ಡರಸ್ತೆಯಲ್ಲಿ ವಾಹನ ಕಡಿಮೆ ಇದ್ದರೆ ಸಿಗ್ನಲ್ ಆ ಹಸಿರನ್ನು 10 ಸೆಕೆಂಡಿಗೇ ಮುಗಿಸುತ್ತಿತ್ತು. ಹೆದ್ದಾರಿಯ ಅಗಲ 14 ಮೀಟರ್. ಸೆಕೆಂಡಿಗೆ 1.2 ಮೀಟರಿನಂತೆ ನಡೆದರೂ ಸುಮಾರು 12 ಸೆಕೆಂಡ್ ಬೇಕು, ಹೊರಡಲು ತಗಲುವ ಹೊತ್ತು ಬೇರೆ. ಬ್ಯಾಗು, ಕೊಡೆ ಹಿಡಿದ ಮಕ್ಕಳು ನಡುರಸ್ತೆಯಲ್ಲಿ ನಿಂತುಬಿಡುತ್ತಿದ್ದರು. ಶಾಲೆಯ ಹೊತ್ತಿಗೆ ಕನಿಷ್ಠವನ್ನು 20 ಮಾಡಿಸಿದೆವು. ವಾಹನ ಇಲ್ಲದ ರಸ್ತೆ ಖಾಲಿ ಎಂದು ಯಂತ್ರ ತಿಳಿದಿತ್ತು, ನಡೆಯುವವರಿಗೆ ಅದರಲ್ಲಿ ಚೌಕವೇ ಇರಲಿಲ್ಲ.

ಮಳೆಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಜಡಿಮಳೆಯಲ್ಲಿ, ರಾತ್ರಿ ಒದ್ದೆ ರಸ್ತೆಯ ಮೇಲೆ ಹೆಡ್‌ಲೈಟ್ ಬಿದ್ದಾಗ ಕ್ಯಾಮರಾಕ್ಕೆ ಸರಿಯಾಗಿ ಕಾಣುವುದಿಲ್ಲ. ಕಾಣದಿದ್ದರೆ ಆ ಕಡೆ ವಾಹನ ಉಂಟು ಎಂದೇ ಭಾವಿಸಿ ಪೂರ್ತಿ ಹಸಿರು ಕೊಡು ಎಂದು ಕಂಪನಿ ಇಟ್ಟಿತ್ತು. ರಾತ್ರಿ ಹತ್ತಕ್ಕೆ ಖಾಲಿ ರಸ್ತೆಗೆ ಒಂದು ನಿಮಿಷ ಹಸಿರು ಬಿದ್ದರೆ ಯಾರು ಕಾಯುತ್ತಾರೆ? ಕ್ಯಾಮರಾ ಕೈಕೊಟ್ಟಾಗ ಹೊತ್ತಿಗೆ ತಕ್ಕಂತೆ ನಡೆಯಲು ನಾಲ್ಕು ಸ್ಥಿರ ಪ್ಲಾನ್ ಬರೆದುಕೊಟ್ಟೆವು. ನಮ್ಮ ಕಡೆ ಮಳೆಗಾಲ ನಾಲ್ಕು ತಿಂಗಳು. ಕುರುಡಾದಾಗ ಸಿಗ್ನಲ್ ಏನು ಮಾಡುತ್ತದೆ ಎಂಬುದು ಇಲ್ಲಿ ಟೆಂಡರಿನ ಮೊದಲ ಪುಟದಲ್ಲೇ ಇರಬೇಕಾದ ಪ್ರಶ್ನೆ.

ಆಂಬುಲೆನ್ಸ್‌ಗೆ ತಾನಾಗಿಯೇ ಹಸಿರು ಕೊಡುವ ಉಪಕರಣ ಹಾಕಬೇಕೆಂಬ ಮಾತೂ ಬಂತು. ಬೇಡ ಎಂದೆವು. ಗಾಡಿಗಳಲ್ಲಿ ಉಪಕರಣ ಇದ್ದರೆ ಮಾತ್ರ ಅದು ಕೆಲಸ ಮಾಡುವುದು, ಮಂಗಳೂರಿಗೆ ಹೋಗುವ ಆಂಬುಲೆನ್ಸ್‌ಗಳೋ ಹತ್ತಾರು ಊರಿನವು. ಪೆಟ್ಟಿಗೆಯ ಮ್ಯಾನುವಲ್ ಕೀಲಿ ಡ್ಯೂಟಿಯಲ್ಲಿರುವವರ ಕೈಯಲ್ಲಿ ಇರಲಿ ಎಂದು ತೀರ್ಮಾನವಾಯಿತು. ರಾತ್ರಿ ಡ್ಯೂಟಿ ಇಲ್ಲದಾಗ ಸಿಗ್ನಲ್ ಹಳದಿ ಮಿನುಗುತ್ತದೆ.

ಗೇಟ್ ಮತ್ತು ಸಿಗ್ನಲ್ ನಡುವೆ ತಂತಿಯ ಸಂಪರ್ಕ ಇನ್ನೂ ಆಗಿಲ್ಲ. ಗೇಟ್ ಹಾಕುವ ಮೊದಲೇ ಜಂಕ್ಷನ್‌ಗೆ ಸುದ್ದಿ ಮುಟ್ಟಿ ಆ ರಸ್ತೆ ಖಾಲಿಯಾಗುವಂತೆ ಮಾಡುವುದು ಸಾಧ್ಯ, ಬೇರೆ ದೇಶಗಳಲ್ಲಿ ಮಾಡುತ್ತಾರೆ. ಇಲ್ಲಿ ಎರಡು ಇಲಾಖೆಗಳ ಒಪ್ಪಿಗೆ ಬೇಕು, ಕಾಗದ ಹೋಗಿದೆ. ಈ ನಡುವೆ ಹೆದ್ದಾರಿಯ ಮೇಲ್ಸೇತುವೆಯ ಒಂದು ಬದಿ ತೆರೆದು ದೂರದ ವಾಹನಗಳು ಮೇಲಿನಿಂದ ಹೋಗತೊಡಗಿವೆ. ಹಾಗಾಗಿ ನಮ್ಮ ಎಣಿಕೆ, ಸೆಕೆಂಡುಗಳು ಎಲ್ಲ ಹಳೆಯವಾದವು. ಮತ್ತೊಮ್ಮೆ ಎಣಿಸಿಕೊಡಿ ಎಂದು ಕಮಿಟಿ ಮೇ ತಿಂಗಳಲ್ಲಿ ಕೇಳಿತು. ಶಾಲೆ ತೆರೆದು ಒಂದು ವಾರ ಕಳೆಯಲಿ, ಒಂದು ಮಳೆಯ ದಿನವೂ ಎಣಿಸೋಣ, ಈ ಸಲ ಇಬ್ಬರನ್ನು ಜಂಕ್ಷನ್‌ನ ಆಚೆ ಬದಿಯಲ್ಲೂ ನಿಲ್ಲಿಸುತ್ತೇವೆ ಎಂದು ಉತ್ತರ ಬರೆದಿದ್ದೇನೆ.